ಪಾಕ್ ಯೊಂಗ್ ವೇಷಕ್ಕೆ ಹೆಣ್ಣೇ ಬೇಕು: ಕೆಲಂತಾನ್ ಸರ್ಕಾರಕ್ಕೊಂದು ಬಹಿರಂಗ ಪತ್ರ

ಕೆಲಂತಾನ್ ರಾಜ್ಯದ ಮೆಂತೆರಿ ಬೆಸಾರ್, ಅಂದರೆ ಮುಖ್ಯಮಂತ್ರಿ, ಅವರಿಗೆ, ಹಾಗೂ ಮಲೇಷ್ಯಾ ಒಕ್ಕೂಟ ಸರ್ಕಾರದ ಪ್ರವಾಸೋದ್ಯಮ, ಕಲೆ ಮತ್ತು ಸಂಸ್ಕೃತಿ ಸಚಿವಾಲಯದ ಹಿರಿಯರಿಗೆ,

ಮಾನ್ಯರೇ,

ಈ ಪತ್ರದ ಮಲಯ ಪ್ರತಿ ನಿಮ್ಮ ಕಚೇರಿಗಳಿಗೆ ಅಂಚೆಯಲ್ಲಿ ಬಂದಿರುತ್ತದೆ. ಅದೇ ಮಾತನ್ನು ನನ್ನ ಭಾಷೆಯಲ್ಲೂ ಬಹಿರಂಗವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ನಾನು ಕುಂದಾಪುರದ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಯಕ್ಷಗಾನ ನೋಡುತ್ತ ಬೆಳೆದವನು; ಇಪ್ಪತ್ತೆರಡು ವರ್ಷಗಳಿಂದ ಕ್ವಾಲಾ ಲಂಪುರದಲ್ಲಿ ಲೆಕ್ಕಪತ್ರ ತಪಾಸಣೆಯ ಕೆಲಸ ಮಾಡಿಕೊಂಡಿದ್ದೇನೆ. ಈ ಊರಿನಲ್ಲಿರುವ ನನ್ನ ಕನ್ನಡದ ಬಂಧುಗಳಲ್ಲಿ ಹೆಚ್ಚಿನವರಿಗೆ ಮಲಯ ನೃತ್ಯವೆಂದರೆ ಹೋಟೆಲಿನ ಊಟದ ನಡುವೆ ಬಂದುಹೋಗುವ ಹತ್ತು ನಿಮಿಷದ ಬಣ್ಣದ ಬಟ್ಟೆಗಳ ಮೆರವಣಿಗೆ ಮಾತ್ರ. ನನಗೂ ಬಹಳ ವರ್ಷ ಹಾಗೆಯೇ ಇತ್ತು. ಅದು ಹಾಗಲ್ಲವೆಂದು ತಿಳಿದದ್ದು ನಿಮ್ಮ ರಾಜ್ಯದ ಒಂದು ಹಳ್ಳಿಯಲ್ಲಿ, ಮಕ್ ಯೊಂಗ್ ಎಂಬ ರಂಗಕಲೆಯ ಆಟ ನೋಡಿದ ರಾತ್ರಿ. ಆ ಹಳ್ಳಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ತೆಂಗಿನ ಮರಗಳ ನಡುವೆ ನಾಲ್ಕು ಬಿದಿರಿನ ಕಂಬ ನೆಟ್ಟು, ಮೇಲೆ ತಗಡು ಹೊದಿಸಿ, ನೆಲಕ್ಕೆ ಚಾಪೆ ಹಾಸಿದ್ದರು. ಪರದೆಯಿರಲಿಲ್ಲ, ಎತ್ತರದ ವೇದಿಕೆಯೂ ಇರಲಿಲ್ಲ. ಇಶಾ ನಮಾಜು ಮುಗಿಸಿ ಮೊಮ್ಮಗನ ಬೈಕಿನ ಹಿಂದೆ ಕೂತು ಬಂದ ಅರವತ್ತು ದಾಟಿದ ಹೆಂಗಸೊಬ್ಬರು, ಎಲ್ಲರೂ ಮಕ್ ಚಿಕ್ ಎಂದು, ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಿದ್ದವರು, ಮಂಡಿ ನೋವಿನ ಕಾಲನ್ನು ಕೈಯಿಂದಲೇ ಎತ್ತಿಟ್ಟುಕೊಂಡು ಚಾಪೆಯ ಮೇಲೆ ಒಂದು ಪಕ್ಕಕ್ಕೆ ಕಾಲು ಮಡಚಿ ಕುಳಿತರು. ಪೂರ್ವದ ಕಡೆಗೆ ರೆಬಾಬ್ ನುಡಿಸುವ ಅಜ್ಜ. ಮೂರು ತಂತಿಯ ಆ ವಾದ್ಯದ ತೊಗಲಿನ ಮೇಲೆ ಜೇನುಮೇಣದ ಸಣ್ಣ ಗುಳಿಗೆಯೊಂದನ್ನು ಅಂಟಿಸಿರುತ್ತಾರೆ. ಅಜ್ಜ ಅದನ್ನು ಉಗುರಿನ ತುದಿಯಿಂದ ಕೂದಲೆಳೆಯಷ್ಟು ಆಚೆ ಸರಿಸುವುದು, ಕಮಾನು ಎಳೆದು ಕೇಳುವುದು, ತಲೆಯಾಡಿಸಿ ಮತ್ತೆ ಈಚೆ ಸರಿಸುವುದು, ಹೀಗೆ ಕಾಲು ಗಂಟೆ ನಡೆಯಿತು. ಯಾರಿಗೂ ಅವಸರವಿರಲಿಲ್ಲ. ಮಕ್ಕಳು ಚಾಪೆಯ ಅಂಚಿನವರೆಗೂ ತೆವಳಿ ಬಂದು ಕೂತಿದ್ದರು.

ಆಮೇಲೆ ಶುರುವಾದದ್ದು ‘ಮೆಂಗಾದಾಪ್ ರೆಬಾಬ್’, ರೆಬಾಬಿಗೆ ಮುಖಮಾಡಿ ಕೂತು ಆಡುವ ಆರಂಭದ ನೃತ್ಯ. ಆ ಹೆಂಗಸು ಪ್ರೇಕ್ಷಕರ ಕಡೆಗೆ ನೋಡಲೇ ಇಲ್ಲ. ವಾದ್ಯಕ್ಕೆ ಎದುರಾಗಿ ಕೂತಲ್ಲಿಯೇ ಮೊದಲು ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಭುಜ ಎಚ್ಚರವಾಯಿತು. ಹಿಂದಕ್ಕೆ ಬಾಗಿದ ಬೆರಳ ತುದಿಗಳು ಬಿಸಿಗಾಳಿಯಲ್ಲಿನ ಎಲೆಯ ಹಾಗೆ ತುಸುವೇ ನಡುಗುತ್ತಿದ್ದವು. ಈ ನೃತ್ಯದ ಚಲನೆಗಳಿಗೆ ಪರಂಪರೆಯಲ್ಲಿ ಹೆಸರುಗಳಿವೆ: ಆನೆ ಸೊಂಡಿಲು ಎತ್ತಿ ಬೀಸುವುದು, ಹೆಬ್ಬಾವು ಸುರುಳಿ ಬಿಚ್ಚುವುದು, ಹಕ್ಕಿ ಹಾರುವುದು. ಹೆಬ್ಬಾವಿನ ಸುರುಳಿ ಬಿಚ್ಚುವ ಹೊತ್ತಿಗೆ ಆಕೆ ನೆಲ ಬಿಟ್ಟು ಏಳುತ್ತಿದ್ದರು, ಆದರೆ ಎದ್ದದ್ದು ಯಾವ ಕ್ಷಣದಲ್ಲಿ ಎಂದು ನನಗೆ ತಿಳಿಯಲೇ ಇಲ್ಲ. ಎತ್ತಿಟ್ಟುಕೊಳ್ಳಬೇಕಾಗಿದ್ದ ಆ ಕಾಲು ಎಲ್ಲಿ ಹೋಯಿತೋ! ಅರ್ಧ ಗಂಟೆಯ ಬಳಿಕ ನಮ್ಮ ಮುಂದೆ ನಿಂತಿದ್ದವನು ಪಾಕ್ ಯೊಂಗ್, ಅಂದರೆ ಕಥೆಯ ರಾಜ. ಆಕೆಯ ಕೈಯಲ್ಲಿ ಬಿದಿರಿನ ಸೀಳುಗಳನ್ನು ಒಟ್ಟು ಕಟ್ಟಿದ ‘ರೋತಾನ್ ಬೆರಾಯ್’ ಇತ್ತು. ಅದರಿಂದ ವಿದೂಷಕನ ಬೆನ್ನಿಗೆ ಪಟ್ಟನೆ ಬಾರಿಸಿದಾಗ ಮಕ್ಕಳು ಉರುಳಾಡಿ ನಕ್ಕರು.

ಕನ್ನಡದ ಓದುಗರಿಗಾಗಿ ಎರಡು ಮಾತು ಸೇರಿಸಬೇಕು. ಮಕ್ ಯೊಂಗ್ ನೃತ್ಯ, ಹಾಡು, ಆಶುಮಾತು, ಹಾಸ್ಯ ಎಲ್ಲವೂ ಸೇರಿದ ರಂಗಕಲೆ. ರೆಬಾಬ್, ತಾಯಿ ಮತ್ತು ಮಗು ಎಂದು ಕರೆಯುವ ಎರಡು ಗೆಂಡಾಂಗ್ ಮದ್ದಳೆಗಳು, ತೂಗುಹಾಕಿದ ಎರಡು ತೆತಾವಕ್ ಜಾಗಟೆಗಳು, ಇಷ್ಟೇ ಅದರ ಹಿಮ್ಮೇಳ. ರಾಜ ಪಾಕ್ ಯೊಂಗ್, ರಾಣಿ ಮಕ್ ಯೊಂಗ್, ನಮ್ಮ ಹಾಸ್ಯಗಾರನ ಅಣ್ಣತಮ್ಮಂದಿರಂತಿರುವ ಪೆರಾನ್‌ಗಳು ಮುಖ್ಯ ಪಾತ್ರಗಳು. ದೇವ ಮುದ, ದೇವ ಪೆಚಿಲ್, ಅನಕ್ ರಾಜ ಗೊಂಡಾಂಗ್ ಮುಂತಾಗಿ ಹತ್ತು ಹನ್ನೆರಡು ಪ್ರಸಂಗಗಳಿದ್ದು, ಒಂದೊಂದು ಪ್ರಸಂಗ ಹಲವು ರಾತ್ರಿಗಳವರೆಗೆ ಬೆಳೆಯಬಲ್ಲದು. ಬರೆದಿಟ್ಟ ಮಾತಿಲ್ಲ, ಬಾಯಿಂದ ಬಾಯಿಗೆ ಬಂದದ್ದು. ಪೀಠಿಕೆ ಸ್ತ್ರೀವೇಷ, ಬಾಲಗೋಪಾಲ ಎಂದು ಪೂರ್ವರಂಗ ಮುಗಿಯುವ ತನಕ ಪ್ರಸಂಗಕ್ಕೆ ಕೈಹಾಕದ ಬಡಗುತಿಟ್ಟಿನ ಮೇಳಗಳನ್ನು ನೋಡಿದವನಿಗೆ ಇದೆಲ್ಲ ಪರಕೀಯವೆನಿಸಲಿಲ್ಲ. ಭಾಷೆಯೂ ಅಷ್ಟೇನೂ ದೂರದ್ದಲ್ಲ. ಮೆಂತೆರಿ ನಮ್ಮ ಮಂತ್ರಿ, ಪುತೆರಿ ನಮ್ಮ ಪುತ್ರಿ, ಇಸ್ತಾನಾ ನಮ್ಮ ಆಸ್ಥಾನ. ಅವರಿಗೆ ಕಲಿಸುವವರೂ ಗುರುವೇ.

ಒಂದು ದೊಡ್ಡ ವ್ಯತ್ಯಾಸ ಮಾತ್ರ ಇದೆ, ಮತ್ತು ಈ ಪತ್ರ ಹುಟ್ಟಿದ್ದು ಅದರಿಂದಲೇ. ನಮ್ಮಲ್ಲಿ ಗಂಡಸರು ಸ್ತ್ರೀವೇಷ ಕಟ್ಟುತ್ತ ಬಂದರು. ಅದರ ಬೆಡಗಿನ ಬಗ್ಗೆ ನನ್ನ ಅಜ್ಜ ಎಲೆಯಡಿಕೆ ಮುಗಿಯುವವರೆಗೂ ಮಾತಾಡುತ್ತಿದ್ದ. ಮಕ್ ಯೊಂಗಿನಲ್ಲಿ ಅದು ತಿರುಗುಮುರುಗು. ರಾಜನ ವೇಷ ಹೆಣ್ಣಿನದು. ಬೇರೆ ಬೇರೆ ಕಾಲದಲ್ಲಿ ಗಂಡಸರೂ ಆಡಿರಬಹುದು, ಆದರೆ ಕೆಲಂತಾನಿನ ಪರಂಪರೆ ಮನ್ನಿಸಿದ ಪಾಕ್ ಯೊಂಗ್ ಹೆಂಗಸೇ. ಆ ನಡಿಗೆ, ಆ ಗತ್ತು, ಗಂಡಿನ ಗಾಂಭೀರ್ಯವನ್ನು ಹೆಣ್ಣಿನ ಬೆರಳಿನ ಮೂಲಕ ತೋರಿಸುವ ಆ ಕುಶಲತೆ, ಎಲ್ಲವೂ ಹೆಣ್ಣಿನ ದೇಹವನ್ನೇ ಲೆಕ್ಕಕ್ಕೆ ಹಿಡಿದು ತಲೆಮಾರುಗಳು ಕಟ್ಟಿದ್ದು. ಅದನ್ನು ಗಂಡಸಿಗೆ ಕೊಟ್ಟರೆ ಒಬ್ಬ ರಾಜ ಸಿಗುತ್ತಾನೆ, ಪಾಕ್ ಯೊಂಗ್ ಸಿಗುವುದಿಲ್ಲ.

1990ರ ಚುನಾವಣೆಯ ನಂತರ ಬಂದ ನಿಮ್ಮ ಪಕ್ಷದ ಸರ್ಕಾರ 1991ರಲ್ಲಿ ಮಕ್ ಯೊಂಗ್ ಪ್ರದರ್ಶನವನ್ನು ನಿಷೇಧಿಸಿತು. ಹೆಂಗಸರು ಎಲ್ಲರ ಎದುರು ಆಡುವುದು, ರಂಗವಿಧಿಗಳಲ್ಲಿ ಇಸ್ಲಾಮಿಗೂ ಹಿಂದಿನ ನಂಬಿಕೆಗಳ ಜಾಡು ಇರುವುದು, ಇವು ಮುಖ್ಯ ಆಕ್ಷೇಪಗಳಾಗಿದ್ದವು. 2005ರಲ್ಲಿ ಯುನೆಸ್ಕೊ ಇದೇ ಕಲೆಯನ್ನು ಮನುಕುಲದ ಮೌಖಿಕ ಮತ್ತು ಅಮೂರ್ತ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಸಾರಿ, 2008ರಲ್ಲಿ ತನ್ನ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿಕೊಂಡಿತು. ಜಗತ್ತಿಗೆ ಬೇಕಾದ ಕಲೆ ತನ್ನ ತವರಿನಲ್ಲೇ ಆಡಬಾರದ್ದಾಗಿತ್ತು. 2017ರಲ್ಲಿ ಬಂದಿದ್ದ ವಿಶ್ವಸಂಸ್ಥೆಯ ಸಾಂಸ್ಕೃತಿಕ ಹಕ್ಕುಗಳ ವಿಶೇಷ ವರದಿಗಾರ್ತಿ ಕರೀಮಾ ಬೆನ್ನೂನ್ ಅವರೂ ನಿಷೇಧ ತೆಗೆಯಬೇಕೆಂದು ಹೇಳಿದರು. 2019ರಲ್ಲಿ ನೀವು ತೆಗೆದಿರಿ. ಇಪ್ಪತ್ತೆಂಟು ವರ್ಷಗಳ ಬಳಿಕ ಬಂದ ಆ ಸುದ್ದಿ ಓದಿದ ದಿನ ನಾನು ಕಚೇರಿಯಲ್ಲಿ ಎಲ್ಲರಿಗೂ ತೇ ತಾರಿಕ್ ಚಹಾ ಕೊಡಿಸಿದ್ದು ನೆನಪಿದೆ. ಆಮೇಲೆ ಸುದ್ದಿಯ ಕೆಳಗಿನ ಸಾಲುಗಳನ್ನು ಓದಿದೆ. ಪ್ರದರ್ಶನ ಶರಿಯತ್ತಿಗೆ ಒಳಪಟ್ಟಿರಬೇಕು, ಗಂಡು ಹೆಣ್ಣು ಬೆರೆಯಬಾರದು, ಉಡುಪು ಹೀಗಿರಬೇಕು, ಆರಾಧನೆಯ ಅಂಶ ಇರಬಾರದು.

ನಾನು ಮುಸ್ಲಿಮನಲ್ಲ. ಧರ್ಮದ ವಿಚಾರದಲ್ಲಿ ನಿಮಗೆ ಹೇಳುವ ಯೋಗ್ಯತೆ ನನಗಿಲ್ಲ, ಹೇಳುವ ಆಸೆಯೂ ಇಲ್ಲ. ಉಡುಪಿನ ಬಗ್ಗೆ ನಿಮ್ಮ ಷರತ್ತನ್ನು ಕಲಾವಿದರು ಹೇಗೋ ಹೊಂದಿಸಿಕೊಂಡಾರು; ಸೊಂಗ್ಕೆಟ್ ಜರಿಯ ಬಟ್ಟೆ ಮೈತುಂಬ ಹೊದೆಯುವಂಥದ್ದೇ. ನನ್ನ ತಕರಾರು ಒಂದೇ ಅಂಶದ್ದು. ಗಂಡಸರಿರುವ ಸಭೆಯ ಮುಂದೆ ಹೆಂಗಸು ಆಡಬಾರದೆಂದಾದರೆ, ಹಿಮ್ಮೇಳದಲ್ಲಿ ಗಂಡಸರಿರುವ, ಪೆರಾನ್ ವೇಷ ಗಂಡಸರದ್ದಾಗಿರುವ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವ ಈ ಆಟವನ್ನು ಆಡುವುದು ಹೇಗೆ? ಮದ್ದಳೆಯಿದೆ, ಜಾಗಟೆಯಿದೆ, ರೆಬಾಬ್ ಇದೆ, ಅನುಮತಿ ಪತ್ರವೂ ಇದೆ ಎಂದಿಟ್ಟುಕೊಳ್ಳಿ. ಚಾಪೆಯ ನಡುವೆ ಕೂರಬೇಕಾದವಳನ್ನು ಹೊರಗೆ ನಿಲ್ಲಿಸಿ ಬಾಗಿಲು ತೆರೆದಿದೆ ಎಂದರೆ ಏನು ಪ್ರಯೋಜನ?

ಮಲಯ ಮುಸ್ಲಿಂ ಸಮಾಜದೊಳಗೇ ಇದಕ್ಕೊಂದು ದಾರಿ ಸಿಕ್ಕಿದ್ದಿದೆ, ಅದನ್ನು ನಿಮಗೆ ನೆನಪಿಸುವುದಷ್ಟೇ ನನ್ನ ಕೆಲಸ. ಝಾಪಿನ್ ನೃತ್ಯವನ್ನು ತೆಗೆದುಕೊಳ್ಳಿ. ಯೆಮನ್ನಿನ ಹದ್ರಮೌತ್ ಸೀಮೆಯಿಂದ ಬಂದ ಅರಬ್ ವರ್ತಕರು, ಧರ್ಮಬೋಧಕರು ತಂದದ್ದು. ಗಾಂಬುಸ್ ತಂತಿವಾದ್ಯದ ಜೊತೆ ಮರ್ವಾಸ್ ಎಂಬ ಸಣ್ಣ ಕೈಮದ್ದಳೆಗಳ ಲೆಕ್ಕಾಚಾರದ ಪೆಟ್ಟಿಗೆ ಇಡುವ ಹೆಜ್ಜೆ. ಮದುವೆಗಳಲ್ಲಿ, ಪ್ರವಾದಿಗಳ ಜನ್ಮದಿನದಂದು ಅದನ್ನು ಆಡುತ್ತಿದ್ದವರು ಗಂಡಸರು ಮಾತ್ರ. ಇಪ್ಪತ್ತನೆಯ ಶತಮಾನದಲ್ಲಿ ಬಂಗ್ಸಾವಾನ್ ನಾಟಕಗಳ ಮೂಲಕ, ಆಮೇಲೆ ಮಲಯ ಚಲನಚಿತ್ರಗಳ ಮೂಲಕ ಹೆಂಗಸರು ಅದರೊಳಗೆ ಬಂದರು. ಬಂದದ್ದರಿಂದ ಝಾಪಿನ್ ಕೆಡಲಿಲ್ಲ. ಇಂದು ಜೊಹೋರ್ ರಾಜ್ಯ ಅದನ್ನು ತನ್ನ ಹೆಮ್ಮೆಯೆಂದು ಸಾಕುತ್ತಿದೆ, ಶಾಲೆಯ ಹುಡುಗ ಹುಡುಗಿಯರು ಒಟ್ಟಿಗೆ ಕಲಿಯುತ್ತಾರೆ, ಮತ್ತು ಅದನ್ನು ಇಸ್ಲಾಮೀ ಸಂಸ್ಕೃತಿಯ ನೃತ್ಯವೆಂದೇ ಪರಿಚಯಿಸುತ್ತಾರೆ. ಗಂಡಸರ ಕಲೆಯೊಳಗೆ ಹೆಂಗಸರು ಬಂದಾಗ ನುಂಗಿಕೊಂಡ ಸಮಾಜಕ್ಕೆ, ಮೊದಲಿನಿಂದಲೂ ಹೆಂಗಸರದ್ದೇ ಆಗಿದ್ದ ಕಲೆಯಲ್ಲಿ ಅವರನ್ನು ಉಳಿಸಿಕೊಳ್ಳುವುದು ಇಷ್ಟು ಕಷ್ಟವಾಗಬೇಕೇ?

ಆರಾಧನೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕೆಲಂತಾನಿನ ಹಳ್ಳಿಗಳಲ್ಲಿ ಮಕ್ ಯೊಂಗನ್ನು ‘ಮಾಯಿನ್ ಪುತೆರಿ’ ಎಂಬ ಚಿಕಿತ್ಸಾ ವಿಧಿಯ ಜೊತೆಗೂ ಆಡುತ್ತಾರೆಂಬುದು ನಿಜ. ಅಲ್ಲಿನವರ ಮಾತಿನಲ್ಲಿ ಪ್ರತಿ ಮನುಷ್ಯನೊಳಗೂ ‘ಆಂಗಿನ್’, ಅಂದರೆ ಗಾಳಿ ಇದೆ. ಹಾಡಬೇಕೆಂಬ, ಕುಣಿಯಬೇಕೆಂಬ, ಗೆಲ್ಲಬೇಕೆಂಬ ಒಳಗಿನ ಸೆಳೆತ ಅದು. ಹೊರಬರಲು ಎಡೆ ಸಿಗದಿದ್ದರೆ ಮನುಷ್ಯ ಸೊರಗುತ್ತಾನೆ, ಮತ್ತು ಆ ಗಾಳಿಗೆ ಹೊಂದುವ ರಾಗ, ಪಾತ್ರ ಸಿಕ್ಕಾಗ ಎದ್ದು ಕೂರುತ್ತಾನೆ. ಈ ವಿಚಾರದಲ್ಲಿ ನಿಮ್ಮ ವಿದ್ವಾಂಸರಿಗೂ ಕಲಾವಿದರಿಗೂ ನಡುವೆ ಮಾತುಕತೆ ಆಗಬೇಕು, ಆಗಲಿ. ಮಂತ್ರದ ಯಾವ ಸಾಲು ಬೇಕು, ಯಾವುದು ಬೇಡ ಎಂಬುದನ್ನು ಕಲಾವಿದರೇ ಕಾಲಕಾಲಕ್ಕೆ ತೂಗಿ ನೋಡುತ್ತ ಬಂದಿದ್ದಾರೆ. ನಾನು ನೋಡಿದ ಆ ರಾತ್ರಿ ಮಕ್ ಚಿಕ್ ಮೊದಲು ಹೇಳಿದ್ದು ಬಿಸ್ಮಿಲ್ಲಾ. ಮನರಂಜನೆಗೆ ಆಡುವ ಮಕ್ ಯೊಂಗ್ ಬೇರೆ, ಚಿಕಿತ್ಸೆಗೆ ಆಡುವುದು ಬೇರೆ ಎಂಬ ವಿವೇಕ ಅವರಲ್ಲಿ ನಮಗಿಂತ ಹೆಚ್ಚಾಗಿಯೇ ಇದೆ. ಎರಡನ್ನೂ ಒಂದೇ ಗಂಟು ಕಟ್ಟಿ ಬದಿಗೆ ಇಡುವುದು ಬೇಡ ಎಂಬುದಷ್ಟೇ ನನ್ನ ಕೋರಿಕೆ.

ಕಾಲ ನಮಗಾಗಿ ಕಾಯುವುದಿಲ್ಲ ಎಂಬುದನ್ನು ಲೆಕ್ಕ ತಪಾಸಣೆಯವನಾಗಿ ಹೇಳುತ್ತೇನೆ. ಖತೀಜಾ ಆವಾಂಗ್ ಅವರ ಹೆಸರು ನಿಮಗೆ ಗೊತ್ತಿದೆ. ಸೆರಿ ತೆಮೆಂಗ್ಗೊಂಗ್ ತಂಡವನ್ನು ಮುನ್ನಡೆಸಿದ, ದೇಶದ ಅತ್ಯುನ್ನತ ಕಲಾಗೌರವವಾದ ಸೆನಿಮಾನ್ ನೆಗಾರಾ ಪಡೆದ ಕೆಲಂತಾನಿನ ಮಗಳು. ಆಕೆ 2000ದಲ್ಲಿ ತೀರಿಕೊಂಡಾಗ ತವರಿನಲ್ಲಿ ನಿಷೇಧ ಜಾರಿಯಲ್ಲಿತ್ತು. 1991ರಲ್ಲಿ ಹತ್ತು ವರ್ಷದವಳಾಗಿದ್ದು, ಅಮ್ಮನ ಪಕ್ಕ ಕೂತು ಬೆರಳು ಬಾಗಿಸಲು ಕಲಿಯಬೇಕಾಗಿದ್ದ ಹುಡುಗಿ 2019ರ ಹೊತ್ತಿಗೆ ಮೂವತ್ತೆಂಟರ ಗೃಹಿಣಿ. ಬೆರಳು ಅಷ್ಟು ಹೊತ್ತಿಗೆ ಬಲಿತಿರುತ್ತದೆ. ನಿಷೇಧವನ್ನು ಒಂದು ಸಹಿಯಿಂದ ತೆಗೆಯಬಹುದು, ಆ ಇಪ್ಪತ್ತೆಂಟು ವರ್ಷದ ಕಲಿಕೆಯನ್ನು ಯಾವ ಸಹಿಯೂ ತಂದುಕೊಡದು.

ಇನ್ನು ಒಕ್ಕೂಟ ಸಚಿವಾಲಯಕ್ಕೆ. ನೀವು ನಿಷೇಧಿಸಿದವರಲ್ಲ, ಬದಲಾಗಿ ಪೋಷಿಸಿದ್ದೀರಿ. ಕ್ವಾಲಾ ಲಂಪುರದ ಆಸ್ವಾರಾ ಕಲಾ ಅಕಾಡೆಮಿಯಲ್ಲಿ ಊರಿನ ಗುರುಗಳನ್ನು ಕರೆಸಿ ಮಕ್ ಯೊಂಗ್ ಕಲಿಸುವ ಏರ್ಪಾಡು ಇಲ್ಲದಿದ್ದರೆ ಇಂದು ಈ ಪತ್ರ ಬರೆಯಲು ವಿಷಯವೇ ಉಳಿದಿರುತ್ತಿರಲಿಲ್ಲ. ಅದಕ್ಕೆ ನಾನು ಋಣಿ. ಆದರೆ ನೃತ್ಯ ಉಳಿದಿದೆ ಎನ್ನುವುದಕ್ಕೆ ನೀವು ಇಟ್ಟುಕೊಂಡ ಅಳತೆಗೋಲಿನ ಬಗ್ಗೆ ನನಗೆ ಅನುಮಾನವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಕಂಪನಿಯ ವಾರ್ಷಿಕ ಔತಣವನ್ನು ದೊಡ್ಡ ಹೋಟೆಲೊಂದರಲ್ಲಿ ಇಟ್ಟಿದ್ದರು. ಝಾಪಿನ್, ಇನಾಂಗ್, ಜೊಗೆತ್, ಹಣತೆ ಹಿಡಿದ ನೃತ್ಯ, ಕೊನೆಗೆ ಮಕ್ ಯೊಂಗ್ ಎಂದು ಘೋಷಿಸಿದ ಒಂದು ತುಣುಕು, ಎಲ್ಲವೂ ಸೇರಿ ಸಾರು ಬಂದು ಅನ್ನ ಬರುವಷ್ಟರೊಳಗೆ ಮುಗಿದವು. ಹಾಡು ಧ್ವನಿಮುದ್ರಿತ. ಪಾಕ್ ಯೊಂಗ್ ಆದ ಹುಡುಗಿ ಮೊದಲ ಕ್ಷಣದಿಂದಲೇ ನಮ್ಮ ಕಡೆ ನೋಡಿ ನಗುತ್ತಿದ್ದಳು. ರೆಬಾಬೇ ಇಲ್ಲದ ಮೇಲೆ ಆಕೆ ಮುಖ ಮಾಡುವುದಾದರೂ ಯಾವ ಕಡೆಗೆ? ಆ ಹುಡುಗಿಯ ತಪ್ಪೇನೂ ಇಲ್ಲ, ಚೆನ್ನಾಗಿಯೇ ಕುಣಿದಳು. ಅದೂ ಒಂದು ಜೀವನೋಪಾಯ, ಹೋಗಲಿ. ಇಂಥ ಪ್ರದರ್ಶನಗಳ ಸಂಖ್ಯೆಯನ್ನು ವರದಿಯಲ್ಲಿ ಬರೆದು ಪರಂಪರೆ ಸುರಕ್ಷಿತವಾಗಿದೆ ಎಂದು ಷರಾ ಹಾಕುವುದು ಮಾತ್ರ ತಪ್ಪು ಲೆಕ್ಕ.

ಸರಿಯಾದ ಲೆಕ್ಕ ಬೇಕೆಂದರೆ ರೆಬಾಬ್ ನುಡಿಸುವವರನ್ನು ಎಣಿಸಿ. ಕುಣಿಯಲು ಕಲಿಯುವ ಹುಡುಗಿಯರು ಇಂದಿಗೂ ಸಿಗುತ್ತಾರೆ. ಹಾಡುವವಳ ಉಸಿರಿಗೆ ಹೊಂದಿಕೊಂಡು, ಆಕೆ ಎಳೆದಷ್ಟು ಎಳೆಯುತ್ತ, ತಂತಿಯ ಮೇಲೆ ಆಕೆಯ ಧ್ವನಿಯ ನೆರಳಾಗಿ ನಡೆಯಬಲ್ಲ ರೆಬಾಬ್ ವಾದಕ ಆಗಲು ಹಲವು ವರ್ಷ ಬೇಕು, ಆ ವರ್ಷಗಳಲ್ಲಿ ಹೊಟ್ಟೆಗೇನು ಎಂಬ ಪ್ರಶ್ನೆಯೂ ಇದೆ. ಇಷ್ಟು ದೀರ್ಘ ಶಿಷ್ಯವೃತ್ತಿಗೆ ತಯಾರಿರುವ ಯುವಕರು ಕಡಿಮೆಯಾಗುತ್ತಿದ್ದಾರೆಂದು ಯುನೆಸ್ಕೊದ ದಾಖಲೆಯೇ ಹೇಳುತ್ತದೆ. ನಾನು ನೋಡಿದ ಅಜ್ಜನಿಗೆ ಒಬ್ಬನೇ ಶಿಷ್ಯ. ಅವನು ಹಗಲು ಬೇರೆಯವರ ಗ್ಯಾರೇಜಿನಲ್ಲಿ ಟಯರು ಕಳಚುತ್ತಾನೆ. ಅವನ ಕೈ ಒರಟಾದಷ್ಟೂ ಕಮಾನು ಒರಟಾಗುತ್ತದೆ ಎಂದು ಅಜ್ಜ ನಗುತ್ತಲೇ ಬೈದರು. ಊರಿನಲ್ಲೇ ಗುರುವಿನ ಮನೆಯಲ್ಲಿ ಕಲಿಸುವವರಿಗೂ ಅಲ್ಲಿಯೇ ಕಲಿಯುವವರಿಗೂ ತಿಂಗಳ ಸಂಭಾವನೆ ಕೊಡುವ ಯೋಜನೆ ಮಾಡಿ. ಹೊಸ ಸಭಾಂಗಣ ಬೇಡ. ಬಿದಿರಿನ ನಾಲ್ಕು ಕಂಬ ಊರವರೇ ನೆಡುತ್ತಾರೆ.

ನನ್ನ ಕನ್ನಡದ ಜನರಿಗೂ ಇಲ್ಲಿ ಒಂದು ಮಾತು ಸಲ್ಲಬೇಕು. ಮಲೇಷ್ಯಾದ ಮಲಯ ಮನೆತನದ ರಾಮ್ಲಿ ಇಬ್ರಾಹಿಂ ಅವರು ಒಡಿಸ್ಸಿ, ಭರತನಾಟ್ಯಗಳನ್ನು ದಶಕಗಳ ಕಾಲ ಆಡಿದರು, ಕಲಿಸಿದರು. 2018ರಲ್ಲಿ ಭಾರತ ಅವರಿಗೆ ಪದ್ಮಶ್ರೀ ಕೊಟ್ಟಾಗ ನಾವೆಲ್ಲ ಸಂಭ್ರಮಿಸಿದೆವು. ಅವರ ಪ್ರದರ್ಶನಕ್ಕೆ ಹೋಗುವ ನಮ್ಮಲ್ಲಿ ಎಷ್ಟು ಮಂದಿ ಒಂದು ಮಕ್ ಯೊಂಗ್ ನೋಡಲು ಹೊರಟಿದ್ದೇವೆ? ನಾವು ಉಣ್ಣುವುದು ಈ ನೆಲದ ಅನ್ನ. ಇಲ್ಲಿಯ ಕಲೆಗೆ ಪ್ರೇಕ್ಷಕರಾಗುವುದು ಅತಿಥಿಯ ಕನಿಷ್ಠ ಸೌಜನ್ಯ. ಹಾಗೆಯೇ, ನಮ್ಮ ಕಲೆಗೇನೂ ತೊಂದರೆಯಿಲ್ಲ ಎಂಬ ಗತ್ತೂ ಬೇಡ. ಇಡೀ ರಾತ್ರಿಯ ಆಟ ಕಾಲಮಿತಿಯದ್ದಾದ ಮೇಲೆ ಪೂರ್ವರಂಗ ಎಷ್ಟು ಉಳಿದಿದೆ ಎಂದು ಕರಾವಳಿಯ ಯಾವ ಹಿರಿಯ ಭಾಗವತರನ್ನಾದರೂ ಕೇಳಿ. ಆದರೆ ನಮ್ಮಲ್ಲಿ ಒಂದು ಒಳ್ಳೆಯದಾಯಿತು. ಹೆಂಗಸರ ಮೇಳಗಳು ಕಟ್ಟಿಕೊಂಡವು, ಗಂಡಸರ ಕೋಟೆಯಾಗಿದ್ದ ರಂಗಸ್ಥಳದಲ್ಲಿ ಕಿರೀಟ ತೊಟ್ಟ ಹೆಂಗಸರು ಇಂದು ಬಣ್ಣದ ವೇಷವನ್ನೂ ಕುಣಿಯುತ್ತಾರೆ. ಮೊದಮೊದಲು ಮೂಗು ಮುರಿದವರೇ ಈಗ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನನ್ನ ಅಜ್ಜನಿದ್ದಿದ್ದರೆ ಮೊದಲು ಮೂಗು ಮುರಿಯುತ್ತಿದ್ದವರಲ್ಲಿ ಅವನೂ ಇರುತ್ತಿದ್ದ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಮಾನ್ಯ ಮೆಂತೆರಿ ಬೆಸಾರ್ ಅವರೇ, ನಿಮ್ಮಲ್ಲಿ ನಾನು ಕೇಳುತ್ತಿರುವುದು ದೊಡ್ಡ ತೀರ್ಮಾನವನ್ನಲ್ಲ. ಕುಟುಂಬಗಳು ಒಟ್ಟಿಗೆ ಕೂತು ನೋಡುವ ಒಂದು ಪ್ರದರ್ಶನಕ್ಕೆ, ಹೆಂಗಸು ಪಾಕ್ ಯೊಂಗ್ ಆಗಿರುವ ಒಂದೇ ಒಂದು ಇಡೀ ಪ್ರದರ್ಶನಕ್ಕೆ, ನಿಮ್ಮ ರಾಜಧಾನಿ ಕೋಟಾ ಬಾರುವಿನಲ್ಲಿ ಅನುಮತಿ ಕೊಡಿ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರಬೇಕೆಂದರೆ ಹಾಗೇ ಕೂರಿಸಿ. ಮಸೀದಿಯಲ್ಲೂ ನಮ್ಮ ಊರಿನ ಆಟದ ಗದ್ದೆಯಲ್ಲೂ ಅದು ರೂಢಿಯಲ್ಲಿದ್ದದ್ದೇ. ನಿಮ್ಮ ಉಲಮಾಗಳನ್ನು ಮುಂದಿನ ಸಾಲಿಗೆ ಆಹ್ವಾನಿಸಿ. ಆಟ ಮುಗಿದ ಮೇಲೆ ಯಾವ ಭಾಗ ಸಲ್ಲದೆಂದು ತೋರಿತೋ ಅದನ್ನು ಕಲಾವಿದರ ಎದುರು ಕೂತು ಮಾತಾಡಿ, ಉಳಿದದ್ದಕ್ಕೆ ಲಿಖಿತ ನಿಯಮ ಮಾಡಿ ಮಲಯ ಭಾಷೆಯಲ್ಲಿ ಪ್ರಕಟಿಸಿ. ಈಗಿರುವ ಅಸ್ಪಷ್ಟತೆಯಲ್ಲಿ ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಎಂದು ತಿಳಿಯದೆ, ತೊಂದರೆ ಯಾಕೆಂದು ಸುಮ್ಮನಿದ್ದುಬಿಡುವವರೇ ಹೆಚ್ಚು.

ನಿಮ್ಮ ಉತ್ತರ ನನಗೆ ಬರಬೇಕಾಗಿಲ್ಲ. ನಾನು ಹೊರಗಿನವನು, ನಾಳೆ ನಿವೃತ್ತನಾಗಿ ಊರಿಗೆ ಮರಳುವವನು. ನಿಮ್ಮ ರಾಜ್ಯದ ಹಳ್ಳಿಗಳಲ್ಲಿ ರೆಬಾಬ್ ಇಟ್ಟುಕೊಂಡಿರುವ ಮನೆಗಳು ಎಷ್ಟೆಂದು ನಿಮ್ಮ ಅಧಿಕಾರಿಗಳು ಒಂದೇ ವಾರದಲ್ಲಿ ಪಟ್ಟಿ ಮಾಡಬಲ್ಲರು. ಉತ್ತರವನ್ನು ಆ ಮನೆಗಳಿಗೆ ಕಳುಹಿಸಿ.

ವಿಶ್ವಾಸಪೂರ್ವಕವಾಗಿ,
ಕುಂದಾಪುರದ ಕಡೆಯ ಒಬ್ಬ ಪ್ರೇಕ್ಷಕ
ಕ್ವಾಲಾ ಲಂಪುರ